ಪೋಕರ್‌ನಲ್ಲಿ ಸ್ಮಾಲ್ ಬ್ಲೈಂಡ್ ಸ್ಥಾನ

ಸ್ಮಾಲ್ ಬ್ಲೈಂಡ್ ಎಂಬುದು ಪೋಕರ್ ಇಸ್ಪೀಟಾಟದಲ್ಲಿ ಎಲೆಗಳನ್ನು ನೋಡುವ ಮೊದಲೇ ಕಡ್ಡಾಯವಾಗಿ ಇಡಬೇಕಾದ ಎರಡು ಪಣಗಳಲ್ಲಿ ಚಿಕ್ಕದು. ಈ ಪಣವನ್ನು ಇಡುವ ಆಟಗಾರರನ್ನೂ ಅವರು ಕುಳಿತ ಸ್ಥಾನವನ್ನೂ ಇದೇ ಹೆಸರಿನಿಂದ ಕರೆಯಲಾಗುತ್ತದೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಆಡುವ ಟೆಕ್ಸಾಸ್ ಹೋಲ್ಡೆಮ್ ಪ್ರಕಾರದಲ್ಲಿ, ಮೇಜಿನ ಮೇಲೆ ಎಲೆಗಳು ಬಿದ್ದ ನಂತರದ ಪ್ರತಿಯೊಂದು ಸುತ್ತಿನಲ್ಲಿಯೂ ಸ್ಮಾಲ್ ಬ್ಲೈಂಡ್ ಆಟಗಾರರೇ ಮೊದಲು ನಿರ್ಧಾರ ತೆಗೆದುಕೊಳ್ಳಬೇಕು. ಎದುರಾಳಿ ಏನು ಮಾಡುವರೆಂಬುದನ್ನು ತಿಳಿಯುವ ಮುನ್ನವೇ ಆಡಬೇಕಾದ ಈ ಸ್ಥಿತಿಯನ್ನು ಆಟಗಾರರು ‘ಔಟ್ ಆಫ್ ಪೊಸಿಷನ್’ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಪ್ರತಿಕೂಲ ಸ್ಥಾನ ಎಂದು ಕರೆಯಲಾಗಿದೆ. ಅರ್ಧ ಪಣ ಮೊದಲೇ ಪಾಟ್‌ನಲ್ಲಿ ಸೇರಿರುವುದರಿಂದ ಈ ಸ್ಥಾನ ಅಗ್ಗವಾಗಿ ಕಾಣುತ್ತದೆ. ಆದರೆ ಬಹುತೇಕ ಆಟಗಾರರು ದೀರ್ಘಾವಧಿಯಲ್ಲಿ ಹಣ ಕಳೆದುಕೊಳ್ಳುವ ಸ್ಥಾನಗಳಲ್ಲಿ ಇದೂ ಒಂದು.

ಹೆಸರಿನ ಅರ್ಥ

ಕರ್ನಾಟಕದಲ್ಲಿ ಪ್ರಚಲಿತವಿರುವ ತೀನ್ ಪತ್ತಿ ಆಟದಲ್ಲಿಯೂ ‘ಬ್ಲೈಂಡ್’ ಎಂಬ ಪದ ಬಳಕೆಯಲ್ಲಿದೆ. ಅಲ್ಲಿ ತನ್ನ ಎಲೆಗಳನ್ನು ತಿರುಗಿಸಿ ನೋಡದೆ ಆಡುವುದಕ್ಕೆ ಬ್ಲೈಂಡ್ ಎನ್ನುತ್ತಾರೆ. ನೋಡುವುದೂ ನೋಡದಿರುವುದೂ ಆಟಗಾರನ ಇಚ್ಛೆ. ಪೋಕರ್‌ನಲ್ಲಿ ಈ ಪದದ ಅರ್ಥ ಬೇರೆ. ಇಲ್ಲಿ ಬ್ಲೈಂಡ್ ಎಂದರೆ ಎಲೆ ನೋಡುವ ಮೊದಲು ನಿಯಮದಂತೆ ಇಡಲೇಬೇಕಾದ ಪಣ ಮಾತ್ರ. ಪಣ ಇಟ್ಟು ಎಲೆ ಹಂಚಿದ ನಂತರ ಎಲ್ಲರೂ ತಮ್ಮ ಎಲೆಗಳನ್ನು ನೋಡಿಯೇ ಆಡುತ್ತಾರೆ.

ಈ ಪಣಗಳು ಇಲ್ಲದಿದ್ದರೆ ಪಾಟ್ ಖಾಲಿಯಾಗಿರುತ್ತದೆ. ಆಗ ಅತ್ಯುತ್ತಮ ಎಲೆಗಳು ಬರುವ ತನಕ ಎಲ್ಲರೂ ಕಾದು ಕುಳಿತರೂ ಯಾರಿಗೂ ನಷ್ಟವಾಗದು. ಆಟ ಚಲಿಸುವಂತೆ ಮಾಡುವುದೇ ಬ್ಲೈಂಡ್‌ಗಳ ಉದ್ದೇಶ.

ಆಟದ ಕ್ರಮ

ಹೋಲ್ಡೆಮ್‌ನಲ್ಲಿ 52 ಎಲೆಗಳ ಒಂದು ಕಟ್ಟನ್ನು ಬಳಸುತ್ತಾರೆ. ಪ್ರತಿಯೊಬ್ಬರಿಗೂ ಮುಚ್ಚಿದ ಎರಡು ಎಲೆಗಳು ದೊರೆಯುತ್ತವೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೂರು ಹಂತಗಳಲ್ಲಿ ತೆರೆಯಲಾಗುತ್ತದೆ: ಮೊದಲು ಮೂರು (ಫ್ಲಾಪ್), ನಂತರ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್). ಒಟ್ಟು ಏಳು ಎಲೆಗಳಲ್ಲಿ ಅತ್ಯುತ್ತಮವಾದ ಐದರಿಂದ ಆದ ಜೋಡಣೆಯೇ ಆಟಗಾರರ ‘ಕೈ’. ಎಲೆ ಹಂಚಿದ ಕೂಡಲೇ ಒಂದು ಪಣದ ಸುತ್ತು, ಮೂರು ಹಂತಗಳ ನಂತರ ಒಂದೊಂದು, ಹೀಗೆ ನಾಲ್ಕು ಪಣದ ಸುತ್ತುಗಳಿರುತ್ತವೆ.

ಹಂಚುವವರನ್ನು ಸೂಚಿಸುವ ಬಿಲ್ಲೆಗೆ ಡೀಲರ್ ಬಟನ್ ಎಂದು ಹೆಸರು. ಪ್ರತಿ ಆಟದ ನಂತರ ಇದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದು ಸ್ಥಾನ ಮುಂದೆ ಸರಿಯುತ್ತದೆ. ಬಟನ್‌ನ ಎಡಗಡೆಯವರು ಸ್ಮಾಲ್ ಬ್ಲೈಂಡ್, ಅವರ ಎಡಗಡೆಯವರು ಬಿಗ್ ಬ್ಲೈಂಡ್. ಸಾಮಾನ್ಯವಾಗಿ ಸ್ಮಾಲ್ ಬ್ಲೈಂಡ್ ಪಣ ಬಿಗ್ ಬ್ಲೈಂಡ್‌ನ ಅರ್ಧದಷ್ಟಿರುತ್ತದೆ. ಮೊದಲ ಸುತ್ತಿನಲ್ಲಿ ಬಿಗ್ ಬ್ಲೈಂಡ್‌ನ ಎಡಗಡೆಯವರಿಂದ ಆಟ ಆರಂಭವಾಗುವುದರಿಂದ ಸ್ಮಾಲ್ ಬ್ಲೈಂಡ್‌ಗೆ ಕೊನೆಯ ಸರದಿಗಿಂತ ಒಂದು ಮೊದಲಿನ ಸರದಿ ಬರುತ್ತದೆ. ಫ್ಲಾಪ್, ಟರ್ನ್ ಮತ್ತು ರಿವರ್ ಸುತ್ತುಗಳಲ್ಲಿ ಮಾತ್ರ ಇವರದೇ ಮೊದಲ ಸರದಿ, ಬಟನ್‌ನವರದು ಕೊನೆಯದು.

ಇಬ್ಬರೇ ಆಡುವಾಗ ಈ ಕ್ರಮ ಬದಲಾಗುತ್ತದೆ. ಆಗ ಬಟನ್ ಇರುವವರೇ ಸ್ಮಾಲ್ ಬ್ಲೈಂಡ್ ಇಟ್ಟು, ಮೊದಲ ಸುತ್ತಿನಲ್ಲಿ ಮೊದಲು ಹಾಗೂ ಉಳಿದ ಮೂರು ಸುತ್ತುಗಳಲ್ಲಿ ಕೊನೆಗೆ ಆಡುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ವಿವರಿಸಿದ ಪ್ರತಿಕೂಲತೆ ಇಬ್ಬರ ಆಟಕ್ಕೆ ಅನ್ವಯಿಸುವುದಿಲ್ಲ.

ಮೊದಲು ಆಡುವುದರಿಂದ ನಷ್ಟವೇಕೆ: ಕೂನ್ ಪೋಕರ್

ಮೊದಲು ಆಡುವವರಿಗೆ ನಷ್ಟವಿದೆಯೆಂಬುದು ಅನುಭವದ ಮಾತಷ್ಟೇ ಅಲ್ಲ, ಗಣಿತದಿಂದಲೂ ಸಿದ್ಧಪಡಿಸಬಹುದಾದ ಸಂಗತಿ. ಅಮೆರಿಕದ ಗಣಿತಜ್ಞ ಹೆರಾಲ್ಡ್ ಕೂನ್ 1950ರಲ್ಲಿ ಮೂರೇ ಎಲೆಗಳ ಒಂದು ಸರಳ ಪೋಕರ್ ಮಾದರಿಯನ್ನು ವಿವರಿಸಿದರು. ರಾಜ, ರಾಣಿ, ಗುಲಾಮ ಎಂಬ ಮೂರು ಎಲೆಗಳು, ಇಬ್ಬರು ಆಟಗಾರರು. ಇಬ್ಬರೂ ಒಂದೊಂದು ಬಿಲ್ಲೆ ಪಾಟ್‌ಗೆ ಹಾಕುತ್ತಾರೆ, ಇಬ್ಬರಿಗೂ ಒಂದೊಂದು ಎಲೆ ಸಿಗುತ್ತದೆ. ಮೊದಲನೆಯವರು ಒಂದು ಬಿಲ್ಲೆ ಪಣ ಇಡಬಹುದು ಅಥವಾ ಇಡದೆ ‘ಚೆಕ್’ ಎಂದು ಸರದಿ ಬಿಟ್ಟುಕೊಡಬಹುದು. ಪಣ ಬಂದಾಗ ಎದುರಿನವರು ಅದಕ್ಕೆ ಸಮನಾಗಿ ಹಾಕಬೇಕು, ಇಲ್ಲವೇ ಎಲೆ ಕೆಳಗಿಡಬೇಕು. ಕೊನೆಯಲ್ಲಿ ದೊಡ್ಡ ಎಲೆಯವರಿಗೆ ಪಾಟ್ ಸೇರುತ್ತದೆ.

ಈ ಆಟದಲ್ಲಿ ಇಬ್ಬರಿಗೂ ಎಲೆ ಸಿಗುವ ಸಂಭವನೀಯತೆ ಸಮಾನ, ಹೂಡುವ ಮೊತ್ತವೂ ಸಮಾನ. ಇರುವ ಮುಖ್ಯ ವ್ಯತ್ಯಾಸ ಸರದಿಯದು. ಹಾಗಿದ್ದರೂ ಇಬ್ಬರೂ ದೋಷವಿಲ್ಲದೆ ಆಡಿದರೆ ಮೊದಲನೆಯವರು ಪ್ರತಿ ಆಟಕ್ಕೆ ಸರಾಸರಿ ಒಂದು ಬಿಲ್ಲೆಯ ಹದಿನೆಂಟನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತಾರೆ. ಅಂದರೆ 18 ಆಟಗಳಿಗೆ ಸರಾಸರಿ ಒಂದು ಬಿಲ್ಲೆ. ಎಷ್ಟೇ ಜಾಣತನದಿಂದ ಆಡಿದರೂ ಈ ನಷ್ಟವನ್ನು ತಪ್ಪಿಸಲಾಗದು.

ಇದೇ ಮಾದರಿಯಿಂದ ಇನ್ನೊಂದು ಪಾಠವೂ ದೊರೆಯುತ್ತದೆ. ಮೊದಲು ಆಡುವವರ ಕೈಯಲ್ಲಿ ರಾಣಿ ಇದ್ದರೆ ಅವರು ಪಣ ಇಡಬಾರದು. ಎದುರಾಳಿಯಲ್ಲಿ ಗುಲಾಮ ಇದ್ದರೆ ಅವರು ಎಲೆ ಕೆಳಗಿಡುತ್ತಾರೆ, ರಾಜ ಇದ್ದರೆ ಸಮನಾಗಿ ಹಾಕಿ ಗೆಲ್ಲುತ್ತಾರೆ. ಸೋಲುವ ಎಲೆಯಿಂದ ಹೆಚ್ಚುವರಿ ಬಿಲ್ಲೆ ಬಾರದು, ಗೆಲ್ಲುವ ಎಲೆಗೆ ಹೆಚ್ಚುವರಿ ಬಿಲ್ಲೆ ಹೋಗುತ್ತದೆ. ಮಧ್ಯಮ ಬಲದ ಕೈಯಿಂದ ಮೊದಲು ಪಣ ಇಡುವ ಅಪಾಯ ಹೋಲ್ಡೆಮ್‌ನ ಸ್ಮಾಲ್ ಬ್ಲೈಂಡ್ ಸ್ಥಾನದಲ್ಲಿಯೂ ಇದೇ ಬಗೆಯದು.

ಬೆಲೆಯ ಲೆಕ್ಕಾಚಾರ

ಬ್ಲೈಂಡ್‌ಗಳು 50 ಮತ್ತು 100 ಬಿಲ್ಲೆಗಳಾಗಿದ್ದು ಪ್ರತಿಯೊಬ್ಬರ ಬಳಿ 10,000 ಬಿಲ್ಲೆಗಳಿವೆಯೆಂದು ಭಾವಿಸೋಣ. ಇತರರೆಲ್ಲ ಎಲೆ ಕೆಳಗಿಟ್ಟು, ಬಟನ್‌ನವರು 250ಕ್ಕೆ ಏರಿಸಿದ್ದಾರೆ. ಈಗ ಪಾಟ್‌ನಲ್ಲಿ 250, 50 ಮತ್ತು 100 ಸೇರಿ 400 ಬಿಲ್ಲೆಗಳಿವೆ.

ಸ್ಮಾಲ್ ಬ್ಲೈಂಡ್ ಸಮನಾಗಿ ಹಾಕಲು (‘ಕಾಲ್’ ಮಾಡಲು) ಇನ್ನೂ 200 ಕೊಡಬೇಕು. ಬಿಗ್ ಬ್ಲೈಂಡ್ ಹಿಂದೆ ಸರಿದರೆ ಪಾಟ್ 600 ಆಗುತ್ತದೆ. 600ರಲ್ಲಿ 200 ಎಂದರೆ ಶೇ. 33.3. ಅದೇ ಏರಿಕೆಗೆ ಸ್ಮಾಲ್ ಬ್ಲೈಂಡ್ ಹಿಂದೆ ಸರಿದು ಬಿಗ್ ಬ್ಲೈಂಡ್ ಕಾಲ್ ಮಾಡುವುದಾದರೆ ಅವರು ಕೊಡಬೇಕಾದುದು 150 ಮಾತ್ರ. 550ರಲ್ಲಿ 150 ಎಂದರೆ ಸುಮಾರು ಶೇ. 27.3. ಒಂದೇ ಏರಿಕೆಯನ್ನು ಎದುರಿಸುವ ಇಬ್ಬರಲ್ಲಿ ಸ್ಮಾಲ್ ಬ್ಲೈಂಡ್‌ಗೆ ಬೆಲೆಯೂ ಹೆಚ್ಚು, ಸರದಿಯೂ ಕೆಟ್ಟದ್ದು. ಅದರ ಮೇಲೆ, ಬಿಗ್ ಬ್ಲೈಂಡ್ ಇನ್ನೂ ಆಡಬೇಕಿರುವುದರಿಂದ ಅವರು ಮತ್ತೆ ಏರಿಸಿದರೆ ಸ್ಮಾಲ್ ಬ್ಲೈಂಡ್ ಕೊಟ್ಟ 200 ವ್ಯರ್ಥವಾಗುವ ಸಾಧ್ಯತೆಯಿದೆ.

ಶೇ. 33.3 ಎಂಬುದು ಕನಿಷ್ಠ ಅಗತ್ಯ. ಒಂದು ಕೈಗೆ ಐದೂ ಎಲೆಗಳು ಬಿದ್ದ ನಂತರ ಗೆಲ್ಲುವ ಸಂಭವನೀಯತೆ ಶೇ. 40 ಇದೆಯೆಂದುಕೊಂಡರೂ ಅದು ಪೂರ್ಣವಾಗಿ ಕೈಗೂಡುವುದಿಲ್ಲ. ನಡುವೆ ಬರುವ ಪಣಗಳಿಗೆ ಹೆದರಿ ಗೆಲ್ಲಬಹುದಾಗಿದ್ದ ಕೈಗಳನ್ನು ಕೆಲವೊಮ್ಮೆ ಬಿಡಬೇಕಾಗುತ್ತದೆ. ಗೆದ್ದಾಗ ಪಾಟ್ ಚಿಕ್ಕದಾಗಿಯೂ ಸೋತಾಗ ದೊಡ್ಡದಾಗಿಯೂ ಇರುವುದುಂಟು. ಆ ಶೇ. 40ರಲ್ಲಿ ಐದರಲ್ಲಿ ನಾಲ್ಕು ಪಾಲು ಮಾತ್ರ ದಕ್ಕಿದರೆ ಉಳಿಯುವುದು ಶೇ. 32, ಅದು ಬೇಕಾದ ಮೊತ್ತಕ್ಕಿಂತ ಕಡಿಮೆ. ಕಾಗದದ ಮೇಲೆ ಲಾಭದಾಯಕವಾಗಿದ್ದ ಕಾಲ್ ಮೇಜಿನ ಮೇಲೆ ನಷ್ಟವಾಗುವುದು ಹೀಗೆ.

ಒಂದು ಉದಾಹರಣೆ

ಮೇಲಿನ ಸನ್ನಿವೇಶದಲ್ಲಿ ಸ್ಮಾಲ್ ಬ್ಲೈಂಡ್ ಕೈಯಲ್ಲಿ ಬೇರೆ ಬೇರೆ ಜಾತಿಯ ಎಕ್ಕ ಮತ್ತು ಒಂಬತ್ತು ಇವೆ. ಅವರು 200 ಕೊಟ್ಟು ಕಾಲ್ ಮಾಡುತ್ತಾರೆ, ಬಿಗ್ ಬ್ಲೈಂಡ್ ಹಿಂದೆ ಸರಿಯುತ್ತಾರೆ. ಫ್ಲಾಪ್‌ನಲ್ಲಿ ಎಕ್ಕ, ಎಂಟು, ನಾಲ್ಕು ಬೀಳುತ್ತವೆ. ಎಕ್ಕದ ಜೋಡಿಯಾಯಿತು. ಜೋಡಿಯಲ್ಲದ ಎರಡು ಎಲೆಗಳನ್ನು ಹಿಡಿದವರಿಗೆ ಫ್ಲಾಪ್‌ನಲ್ಲಿ ತಮ್ಮ ಎಲೆಗೆ ಜೊತೆ ಸಿಗುವುದು ಸುಮಾರು ಶೇ. 32 ಬಾರಿ ಮಾತ್ರ. ಆದ್ದರಿಂದ ಇದು ಬಯಸಿದಂತೆ ಬಿದ್ದ ಫ್ಲಾಪ್.

ಸ್ಮಾಲ್ ಬ್ಲೈಂಡ್ ಚೆಕ್ ಮಾಡುತ್ತಾರೆ. ಬಟನ್‌ನವರು 400 ಇಡುತ್ತಾರೆ. ಸ್ಮಾಲ್ ಬ್ಲೈಂಡ್ ಕಾಲ್. ಪಾಟ್ 1,400. ಟರ್ನ್‌ನಲ್ಲಿ ಎರಡು ಬೀಳುತ್ತದೆ. ಮತ್ತೆ ಚೆಕ್, 1,000 ಪಣ, ಕಾಲ್. ಪಾಟ್ 3,400. ರಿವರ್‌ನಲ್ಲಿ ಗುಲಾಮ. ಮತ್ತೆ ಚೆಕ್, ಬಟನ್‌ನವರಿಂದ 2,500. ಈಗ ಕಾಲ್ ಮಾಡಿದರೆ ಈ ಒಂದು ಕೈಗೆ ಹೂಡಿದ ಮೊತ್ತ 4,150 ಬಿಲ್ಲೆಗಳಾಗುತ್ತದೆ. ಎದುರಾಳಿಯ ಬಳಿ ಎಕ್ಕದ ಜೊತೆಗೆ ರಾಜ, ರಾಣಿ, ಗುಲಾಮ ಅಥವಾ ಹತ್ತು ಇದ್ದರೂ ಸೋಲು. ಏನೂ ಇಲ್ಲದೆ ಬೆದರಿಸುತ್ತಿದ್ದರೆ ಗೆಲುವು. ಯಾವುದೆಂದು ತಿಳಿಯಲು ಯಾವ ಸುಳಿವೂ ಇಲ್ಲ. 200 ಬಿಲ್ಲೆಗಳ ‘ಅಗ್ಗದ’ ಕಾಲ್ ಹೀಗೆ ಕೈಯಲ್ಲಿದ್ದ ಐದರಲ್ಲಿ ಎರಡು ಪಾಲನ್ನು ಪಣಕ್ಕಿಟ್ಟ ನಿರ್ಧಾರವಾಗಿ ಬೆಳೆಯುತ್ತದೆ.

ಅದೇ ಎಕ್ಕ ಮತ್ತು ಒಂಬತ್ತು ಬಟನ್‌ನವರ ಕೈಯಲ್ಲಿದ್ದಿದ್ದರೆ ಚಿತ್ರ ಬೇರೆ. ಎದುರಾಳಿ ಟರ್ನ್‌ನಲ್ಲಿ ಚೆಕ್ ಮಾಡಿದಾಗ ಅವರೂ ಚೆಕ್ ಮಾಡಿ ಪಾಟನ್ನು 1,400ರಲ್ಲಿಯೇ ನಿಲ್ಲಿಸಿ ರಿವರ್ ಎಲೆಯನ್ನು ಪುಕ್ಕಟೆಯಾಗಿ ನೋಡಬಹುದಿತ್ತು. ಪಾಟ್‌ನ ಗಾತ್ರವನ್ನು ನಿರ್ಧರಿಸುವ ಕೊನೆಯ ಮಾತು ಕೊನೆಗೆ ಆಡುವವರದು. ಸ್ಥಾನದ ಬಲವೆಂದರೆ ಮುಖ್ಯವಾಗಿ ಇದೇ.

ಲಭ್ಯವಿರುವ ಆಯ್ಕೆಗಳು

ಎಲೆ ಬಿಡುವುದು. ಮುಂಚಿನ ಸ್ಥಾನಗಳಿಂದ ಏರಿಕೆ ಬಂದಾಗ ಸ್ಮಾಲ್ ಬ್ಲೈಂಡ್‌ನಿಂದ ಬಹುಪಾಲು ಕೈಗಳನ್ನು ಬಿಡುವುದೇ ಸರಿಯಾದ ಆಟ. ಇಟ್ಟ ಬ್ಲೈಂಡ್ ಈಗ ಪಾಟ್‌ಗೆ ಸೇರಿದ್ದು, ಆಟಗಾರರದ್ದಲ್ಲ. ‘ಅರ್ಧ ಕೊಟ್ಟಾಗಿದೆ, ಇನ್ನರ್ಧ ಕೊಟ್ಟರೇನು’ ಎಂಬ ಯೋಚನೆ ಈ ಸ್ಥಾನದ ಅತಿ ಸಾಮಾನ್ಯ ತಪ್ಪು. ಈಗ ಕೊಡಬೇಕಾದ ಮೊತ್ತಕ್ಕೂ ಗೆಲ್ಲಬಹುದಾದ ಮೊತ್ತಕ್ಕೂ ಇರುವ ಅನುಪಾತವನ್ನಷ್ಟೇ ನೋಡಬೇಕು.

ಮರು ಏರಿಕೆ. ‘ತ್ರೀ-ಬೆಟ್’ ಎಂದು ಕರೆಯಲಾಗುವ ಇದರಲ್ಲಿ ಬಟನ್‌ನವರ 250ಕ್ಕೆ ಉತ್ತರವಾಗಿ ಸ್ಮಾಲ್ ಬ್ಲೈಂಡ್ ಸುಮಾರು ನಾಲ್ಕು ಪಟ್ಟು, ಅಂದರೆ 1,000ಕ್ಕೆ ಏರಿಸುತ್ತಾರೆ. ಅನುಕೂಲ ಸ್ಥಾನದಿಂದಾದರೆ ಮೂರು ಪಟ್ಟು ಸಾಕೆನ್ನುವುದು ವಾಡಿಕೆ; ಪ್ರತಿಕೂಲ ಸ್ಥಾನದಿಂದ ಮೊತ್ತ ದೊಡ್ಡದಿರಬೇಕು, ಇಲ್ಲದಿದ್ದರೆ ಎದುರಾಳಿಗೆ ಸ್ಥಾನದ ಜೊತೆಗೆ ಅಗ್ಗದ ಬೆಲೆಯೂ ಸಿಗುತ್ತದೆ. ಇದರಿಂದ ಮೂರು ಪ್ರಯೋಜನಗಳಿವೆ. ಇಬ್ಬರೂ ಹಿಂದೆ ಸರಿದರೆ 400 ಬಿಲ್ಲೆಗಳು ಆಗಲೇ ದಕ್ಕುತ್ತವೆ. ಬಿಗ್ ಬ್ಲೈಂಡ್ ಸಾಮಾನ್ಯವಾಗಿ ಹೊರಬೀಳುತ್ತಾರೆ. ಮೂರನೆಯದಾಗಿ, ಬಟನ್‌ನವರು ಕಾಲ್ ಮಾಡಿದರೆ ಪಾಟ್ 2,100 ಆಗಿ, ಉಳಿದ ಬಿಲ್ಲೆಗಳು 9,000 ಆಗುತ್ತವೆ. ಉಳಿಕೆ ಪಾಟ್‌ನ ಸುಮಾರು 4.3 ಪಟ್ಟು. ಬರೀ ಕಾಲ್ ಮಾಡಿದ್ದರೆ ಪಾಟ್ 600, ಉಳಿಕೆ 9,750, ಅಂದರೆ 16 ಪಟ್ಟಿಗೂ ಹೆಚ್ಚು. ಉಳಿಕೆಯ ಪಟ್ಟು ಕಡಿಮೆಯಾದಷ್ಟೂ ಮುಂದಿನ ಸುತ್ತುಗಳ ನಿರ್ಧಾರಗಳು ಕಡಿಮೆ. ನಿರ್ಧಾರಗಳು ಕಡಿಮೆಯಾದಷ್ಟೂ ಎದುರಾಳಿಯ ಸ್ಥಾನಬಲ ಕುಗ್ಗುತ್ತದೆ.

ಬರೀ ಕಾಲ್. ನಗದು ಆಟಗಳಲ್ಲಿ ಮೇಜು ನಡೆಸುವವರು ಪಾಟ್‌ನಿಂದ ಒಂದು ಪಾಲನ್ನು ಕಡಿತ ಮಾಡುತ್ತಾರೆ. ಫ್ಲಾಪ್ ಬೀಳದಿದ್ದರೆ ಕಡಿತವಿಲ್ಲವೆಂಬ ನಿಯಮ ಹಲವೆಡೆ ಇದೆ. ಇದರಿಂದ ಫ್ಲಾಪ್ ನೋಡುವ ಕಾಲ್‌ನ ಬೆಲೆ ಇನ್ನಷ್ಟು ಹೆಚ್ಚುತ್ತದೆ. ಈ ಕಾರಣಕ್ಕೆ ‘ಮರು ಏರಿಕೆ ಅಥವಾ ಎಲೆ ಬಿಡುವಿಕೆ’ ಎಂಬ ಸರಳ ನೀತಿಯನ್ನು ಹಲವು ಬೋಧಕರು ಸೂಚಿಸುತ್ತಾರೆ. ಸಣ್ಣ ಜೋಡಿಗಳಿಗೆ ಕಾಲ್ ಮಾಡುವ ಅಭ್ಯಾಸವಿದ್ದವರು ಒಂದು ಅಂಕಿಯನ್ನು ಗಮನಿಸಬೇಕು: ಕೈಯಲ್ಲಿರುವ ಜೋಡಿಗೆ ಫ್ಲಾಪ್‌ನಲ್ಲಿ ಮೂರನೆಯ ಎಲೆ ಸೇರುವುದು ಶೇ. 11.8ರಷ್ಟು ಬಾರಿ, ಅಂದರೆ ಎಂಟೂವರೆ ಬಾರಿಗೆ ಒಮ್ಮೆ.

ಇತರರೆಲ್ಲ ಹಿಂದೆ ಸರಿದಾಗ

ಬಟನ್‌ನವರೂ ಸೇರಿದಂತೆ ಎಲ್ಲರೂ ಎಲೆ ಬಿಟ್ಟರೆ ಎರಡು ಬ್ಲೈಂಡ್‌ಗಳು ಎದುರುಬದುರಾಗುತ್ತವೆ. ಆಗ ಸ್ಮಾಲ್ ಬ್ಲೈಂಡ್ ಹೆಚ್ಚು ಕೈಗಳನ್ನು ಆಡಬಹುದು; ಏಕೆಂದರೆ ಎದುರಿಗೆ ಒಬ್ಬರೇ ಇದ್ದಾರೆ ಮತ್ತು ಅವರ ಎಲೆಗಳು ಯಾವುವು ಬೇಕಾದರೂ ಆಗಿರಬಹುದು. 300ಕ್ಕೆ ಏರಿಸಲು ಇನ್ನೂ 250 ಬೇಕು, ಗೆಲ್ಲಬಹುದಾದುದು 150. ಎಲೆಗಳ ಬಲವನ್ನು ಬದಿಗಿಟ್ಟು ನೋಡಿದರೆ, ಎದುರಾಳಿ ಶೇ. 62.5ಕ್ಕಿಂತ ಹೆಚ್ಚು ಬಾರಿ ಹಿಂದೆ ಸರಿದಾಗ ಮಾತ್ರ ಏರಿಕೆಯೊಂದೇ ಲಾಭ ತರುತ್ತದೆ.

ಇನ್ನೊಂದು ದಾರಿ ‘ಲಿಂಪ್’, ಅಂದರೆ ಏರಿಸದೆ 50 ಸೇರಿಸಿ ಬಿಗ್ ಬ್ಲೈಂಡ್‌ಗೆ ಸಮನಾಗಿಸುವುದು. 200ರಲ್ಲಿ 50 ಎಂದರೆ ಶೇ. 25ರ ಬೆಲೆ. ಲಿಂಪ್ ಮಾಡುವುದು ದುರ್ಬಲ ಆಟವೆಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. 2019ರಲ್ಲಿ ನೋಮ್ ಬ್ರೌನ್ ಮತ್ತು ಟುವೋಮಾಸ್ ಸ್ಯಾಂಡ್‌ಹೋಮ್ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದ ‘ಪ್ಲೂರಿಬಸ್’ ಎಂಬ ಕೃತಕ ಬುದ್ಧಿಮತ್ತೆಯ ಕಾರ್ಯಕ್ರಮವು ಆರು ಜನರ ಹೋಲ್ಡೆಮ್‌ನಲ್ಲಿ ವೃತ್ತಿನಿರತ ಆಟಗಾರರನ್ನು ಸೋಲಿಸಿತು. ಮನುಷ್ಯರ ಆಟವನ್ನು ನೋಡಿ ಕಲಿಯದೆ ತನ್ನೊಂದಿಗೆ ತಾನೇ ಆಡಿ ಕಲಿತ ಈ ಕಾರ್ಯಕ್ರಮವೂ ಬೇರೆಲ್ಲ ಸ್ಥಾನಗಳಿಂದ ಲಿಂಪ್ ಮಾಡುವುದನ್ನು ಕೈಬಿಟ್ಟಿತು. ಅರ್ಧ ಪಣ ಮೊದಲೇ ಒಳಗಿರುವ ಸ್ಮಾಲ್ ಬ್ಲೈಂಡ್‌ನಿಂದ ಮಾತ್ರ ಉಳಿಸಿಕೊಂಡಿತು. ಲಿಂಪ್ ಮಾಡುವವರು ದುರ್ಬಲ ಕೈಗಳನ್ನಷ್ಟೇ ಹಾಗೆ ಆಡಿದರೆ ಎದುರಾಳಿ ಪ್ರತಿ ಬಾರಿಯೂ ಏರಿಸಿ ಓಡಿಸುತ್ತಾರೆ. ಆದ್ದರಿಂದ ಕೆಲವು ಬಲವಾದ ಕೈಗಳನ್ನೂ ಅದರಲ್ಲಿ ಬೆರೆಸಬೇಕಾಗುತ್ತದೆ.

ಫ್ಲಾಪ್ ನಂತರದ ಆಟ

ಪ್ರತಿಕೂಲ ಸ್ಥಾನದಲ್ಲಿ ಚೆಕ್ ಮಾಡುವುದು ಶರಣಾಗತಿಯ ಸೂಚನೆಯಾಗಬಾರದು. ಬಲವಾದ ಕೈಗಳನ್ನೆಲ್ಲ ಪಣ ಇಟ್ಟು ಆಡಿ, ದುರ್ಬಲ ಕೈಗಳನ್ನಷ್ಟೇ ಚೆಕ್ ಮಾಡುವವರನ್ನು ಎದುರಾಳಿ ಬೇಗನೆ ಗುರುತಿಸುತ್ತಾರೆ. ಹಾಗಾಗಿ ಮೂರು ಉಪಾಯಗಳು ಬಳಕೆಯಲ್ಲಿವೆ:

* ಚೆಕ್-ಕಾಲ್: ಮಧ್ಯಮ ಬಲದ ಕೈಗಳಿಂದ ಚೆಕ್ ಮಾಡಿ, ಎದುರಾಳಿಯ ಪಣಕ್ಕೆ ಸಮನಾಗಿ ಹಾಕುವುದು. ಎದುರಾಳಿಯ ಬೆದರಿಕೆಯ ಪಣಗಳಿಂದ ಲಾಭ ಪಡೆಯಲು ಇದು ದಾರಿ.
* ಚೆಕ್-ರೈಸ್: ಮೊದಲು ಚೆಕ್ ಮಾಡಿ, ಎದುರಾಳಿ ಪಣ ಇಟ್ಟ ಮೇಲೆ ಏರಿಸುವುದು. ಮೊದಲ ಸರದಿಯವರು ತಾತ್ಕಾಲಿಕವಾಗಿ ಕೊನೆಯ ಮಾತನ್ನು ಪಡೆಯುವ ಉಪಾಯವಿದು. ಬಲವಾದ ಕೈಗಳನ್ನೂ ಮುಂದಿನ ಎಲೆಗಾಗಿ ಕಾಯುತ್ತಿರುವ ಕೈಗಳನ್ನೂ ಬೆರೆಸಿ ಆಡಿದರೆ ಪರಿಣಾಮಕಾರಿ.
* ಮುಂಗಡ ಪಣ: ಹಿಂದಿನ ಸುತ್ತಿನಲ್ಲಿ ಏರಿಸಿದವರಿಗೆ ಅವಕಾಶ ಕೊಡದೆ ತಾವೇ ಮೊದಲು ಪಣ ಇಡುವುದು. ಆಟಗಾರರು ಇದನ್ನು ‘ಡಾಂಕ್ ಬೆಟ್’ ಎಂದು ಹಳಿಯುತ್ತಿದ್ದರು. ಪ್ಲೂರಿಬಸ್ ಇದನ್ನು ವೃತ್ತಿನಿರತರಿಗಿಂತ ಹೆಚ್ಚಾಗಿ ಬಳಸಿದ್ದು ಆ ಅಭಿಪ್ರಾಯದ ಮರುಪರಿಶೀಲನೆಗೆ ಕಾರಣವಾಯಿತು.

ಪಂದ್ಯಾವಳಿಗಳಲ್ಲಿ

ಪಂದ್ಯಾವಳಿಗಳಲ್ಲಿ ಬ್ಲೈಂಡ್‌ಗಳು ಕಾಲಕಾಲಕ್ಕೆ ಏರುತ್ತವೆ. ಅನೇಕ ಕಡೆ ‘ಆಂಟಿ’ ಎಂಬ ಹೆಚ್ಚುವರಿ ಪಣವೂ ಇರುತ್ತದೆ. ಮೇಲಿನ ಉದಾಹರಣೆಗೆ 100 ಬಿಲ್ಲೆಗಳ ಆಂಟಿ ಸೇರಿದರೆ ಲಿಂಪ್‌ನ ಬೆಲೆ 300ರಲ್ಲಿ 50, ಅಂದರೆ ಸುಮಾರು ಶೇ. 16.7ಕ್ಕೆ ಇಳಿಯುತ್ತದೆ, ಆಡಬಹುದಾದ ಕೈಗಳು ಅಷ್ಟರಮಟ್ಟಿಗೆ ಹೆಚ್ಚುತ್ತವೆ. ಬಿಲ್ಲೆಗಳು ಹತ್ತು ಬಿಗ್ ಬ್ಲೈಂಡ್‌ಗಳಿಗಿಂತ ಕೆಳಗಿಳಿದವರು ಸಾಮಾನ್ಯವಾಗಿ ಎಲ್ಲವನ್ನೂ ಒಮ್ಮೆಗೇ ಪಣಕ್ಕಿಡುತ್ತಾರೆ ಅಥವಾ ಎಲೆ ಬಿಡುತ್ತಾರೆ. ಎಲ್ಲವನ್ನೂ ಇಟ್ಟ ಮೇಲೆ ಮುಂದಿನ ಸುತ್ತುಗಳಲ್ಲಿ ನಿರ್ಧಾರವೇ ಉಳಿಯುವುದಿಲ್ಲವಾದ್ದರಿಂದ ಸ್ಥಾನದ ಪ್ರತಿಕೂಲತೆಯೂ ಇಲ್ಲವಾಗುತ್ತದೆ.

ಫಲಿತಾಂಶವನ್ನು ಅಳೆಯುವ ಬಗೆ

ಸ್ಮಾಲ್ ಬ್ಲೈಂಡ್‌ನಲ್ಲಿ ಬಂದ ಎಲ್ಲ ಕೈಗಳನ್ನೂ ಬಿಟ್ಟರೆ 100 ಸರದಿಗಳಿಗೆ 50 ಬಿಗ್ ಬ್ಲೈಂಡ್‌ಗಳಷ್ಟು ನಷ್ಟವಾಗುತ್ತದೆ. ಇದೇ ಅಳತೆಗೋಲು. 100 ಸರದಿಗಳಿಗೆ 20 ಬಿಗ್ ಬ್ಲೈಂಡ್ ಕಳೆದುಕೊಂಡವರು ವಾಸ್ತವವಾಗಿ 30 ಉಳಿಸಿದ್ದಾರೆ. 60 ಕಳೆದುಕೊಂಡವರು ಆಡದೇ ಇದ್ದಿದ್ದರೆ ಒಳಿತಾಗುತ್ತಿತ್ತು. ದೀರ್ಘಾವಧಿಯಲ್ಲಿ ಗೆಲ್ಲುವ ಆಟಗಾರರೂ ಸಾಮಾನ್ಯವಾಗಿ ಬ್ಲೈಂಡ್‌ಗಳಲ್ಲಿ ಸೋತು, ಬಟನ್ ಮತ್ತು ಅದರ ಹತ್ತಿರದ ಸ್ಥಾನಗಳಲ್ಲಿ ಅದಕ್ಕಿಂತ ಹೆಚ್ಚು ಗಳಿಸುತ್ತಾರೆ. ಈ ಸ್ಥಾನದಲ್ಲಿ ಗುರಿ ನಷ್ಟವನ್ನು ತಗ್ಗಿಸುವುದು.

ಕರ್ನಾಟಕದಲ್ಲಿ ಕಾನೂನಿನ ಸ್ಥಿತಿ

ಸ್ಥಾನ, ಬೆಲೆ ಮತ್ತು ಸಂಭವನೀಯತೆಗಳ ಈ ಲೆಕ್ಕಾಚಾರವು ಪೋಕರ್ ಕೌಶಲದ ಆಟವೇ ಅದೃಷ್ಟದ ಆಟವೇ ಎಂಬ ಕಾನೂನಿನ ಪ್ರಶ್ನೆಗೂ ಸಂಬಂಧಿಸಿದೆ. ಅಂದರ್ ಬಾಹರ್‌ನಂತಹ ಆಟದಲ್ಲಿ ಎಲೆ ಯಾವ ಬದಿಗೆ ಬೀಳುವುದೆಂಬುದರ ಮೇಲೆ ಆಟಗಾರರ ನಿರ್ಧಾರಕ್ಕೆ ಯಾವ ಪ್ರಭಾವವೂ ಇಲ್ಲ. 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ಪ್ರಕರಣದಲ್ಲಿ ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 176ನೇ ಕಲಮು ಶುದ್ಧ ಕೌಶಲದ ಆಟಗಳನ್ನು ಜೂಜಿನ ಅಪರಾಧದಿಂದ ಹೊರಗಿಡುತ್ತದೆ. ಇಂಡಿಯನ್ ಪೋಕರ್ ಅಸೋಸಿಯೇಷನ್ ಸಲ್ಲಿಸಿದ್ದ ಅರ್ಜಿಯಲ್ಲಿ 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿಯ ಅಗತ್ಯವಿಲ್ಲವೆಂಬ ನಿಲುವು ತಳೆಯಿತು.

2021ರ ತಿದ್ದುಪಡಿಯ ಮೂಲಕ ರಾಜ್ಯ ಸರ್ಕಾರವು ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೌಶಲದ ಆಟಗಳೂ ಸೇರಿದಂತೆ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ಆ ತಿದ್ದುಪಡಿಯ ಸಂಬಂಧಿತ ಅಂಶಗಳನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಬೇರೆ ರಾಜ್ಯಗಳ ನಿಲುವು ಒಂದೇ ಬಗೆಯದಲ್ಲ. ಪಶ್ಚಿಮ ಬಂಗಾಳದ 1957ರ ಕಾಯಿದೆ ಪೋಕರನ್ನು ಜೂಜಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಗುಜರಾತ್ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ 2017ರಲ್ಲಿ ಅದನ್ನು ಜೂಜೆಂದು ಪರಿಗಣಿಸಿತು. ಉತ್ತರ ಕನ್ನಡ ಜಿಲ್ಲೆಗೆ ಹೊಂದಿಕೊಂಡಿರುವ ಗೋವಾದಲ್ಲಿ 1976ರ ಜೂಜು ಕಾಯಿದೆಗೆ 1990ರ ದಶಕದಲ್ಲಿ ತಂದ ತಿದ್ದುಪಡಿಗಳಂತೆ ಪರವಾನಗಿ ಪಡೆದ ಕ್ಯಾಸಿನೊಗಳಿವೆ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯಿದೆಯು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಹಣದ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನು ನಿಷೇಧಿಸುತ್ತದೆ. ಒದಗಿಸುವವರಿಗೆ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ಒಂದು ಕೋಟಿ ರೂಪಾಯಿಗಳವರೆಗಿನ ದಂಡಕ್ಕೆ ಅವಕಾಶವಿದೆ. ಆಡುವವರಿಗೆ ಶಿಕ್ಷೆಯನ್ನು ವಿಧಿಸಿಲ್ಲ. ಇದರ ನಂತರ ದೇಶದ ಪ್ರಮುಖ ಪೋಕರ್ ಜಾಲತಾಣಗಳು ಹಣದ ಆಟವನ್ನು ನಿಲ್ಲಿಸಿದವು. ಹಣವಿಲ್ಲದೆ, ಬಿಲ್ಲೆಗಳಿಗಷ್ಟೇ ಆಡುವ ಪೋಕರ್‌ಗೆ ಈ ನಿಷೇಧ ಅನ್ವಯಿಸುವುದಿಲ್ಲ. ಮೇಲೆ ವಿವರಿಸಿದ ಲೆಕ್ಕಾಚಾರಗಳು ಅಲ್ಲಿಯೂ ಹಾಗೆಯೇ ಅನ್ವಯವಾಗುತ್ತವೆ.